ರಾಬರ್ಟ್ ಜಾವೊರ್ಸ್ಕಿ

ರಾಬರ್ಟ್ ಜಾವೊರ್ಸ್ಕಿ (ಜನನ: ಮಾರ್ಚ್ 8, 1946) ಇವರು ಫಿಲಿಪ್ಪೀನ್ಸ್ ದೇಶದ ಮಾಜಿ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರ, ತರಬೇತುದಾರ ಹಾಗೂ ರಾಜಕಾರಣಿ. ಏಷ್ಯಾದ ಮೊದಲ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಫಿಲಿಪ್ಪೀನ್ ಬಾಸ್ಕೆಟ್‌ಬಾಲ್ ಅಸೋಸಿಯೇಷನ್ (ಪಿಬಿಎ) 1975ರಲ್ಲಿ ಆರಂಭವಾದಾಗಿನಿಂದ 1997ರವರೆಗೆ ಅದರಲ್ಲಿ ಆಡಿದರು. ತಮ್ಮ ಕೊನೆಯ ಪಂದ್ಯವನ್ನು ಆಡಿದಾಗ ಇವರ ವಯಸ್ಸು 51. ಪಿಬಿಎ ಪಂದ್ಯದಲ್ಲಿ ಆಡಿದ ಅತಿ ಹಿರಿಯ ಆಟಗಾರನೆಂಬ ಹೆಸರು ಇವರದು. ಟೊಯೊಟಾ ತಂಡದೊಡನೆ 9 ಹಾಗೂ ಹಿನೆಬ್ರಾ ತಂಡದೊಡನೆ 4, ಹೀಗೆ ಒಟ್ಟು 13 ಲೀಗ್ ಪ್ರಶಸ್ತಿಗಳಲ್ಲಿ ಪಾಲು ಪಡೆದಿದ್ದಾರೆ. 1998ರಿಂದ 2004ರವರೆಗೆ ಫಿಲಿಪ್ಪೀನ್ಸ್ ಸೆನೆಟ್‌ನ ಸದಸ್ಯರಾಗಿದ್ದರು. ಅಭಿಮಾನಿಗಳು ಇವರನ್ನು 'ಬಿಗ್ ಜೆ' ಎಂದೂ, 'ಜೀವಂತ ದಂತಕಥೆ' ಎಂಬ ಅರ್ಥದ 'ಲಿವಿಂಗ್ ಲೆಜೆಂಡ್' ಎಂದೂ ಕರೆಯುತ್ತಾರೆ.

ಹಿನ್ನೆಲೆ

ಫಿಲಿಪ್ಪೀನ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಅತ್ಯಂತ ಜನಪ್ರಿಯ ಕ್ರೀಡೆ. ಅಮೆರಿಕನ್ನರ ಆಳ್ವಿಕೆಯ ಕಾಲದಲ್ಲಿ, 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಶಾಲೆಗಳು ಮತ್ತು ವೈಎಂಸಿಎ ಸಂಸ್ಥೆಯ ಮೂಲಕ ಈ ಆಟ ದ್ವೀಪಗಳಿಗೆ ಬಂದಿತು. ದುಬಾರಿ ಸಲಕರಣೆಗಳಾಗಲಿ ವಿಶಾಲವಾದ ಮೈದಾನವಾಗಲಿ ಬೇಕಿಲ್ಲದ ಕಾರಣ ಅದು ಬೇಗನೆ ಹಳ್ಳಿಹಳ್ಳಿಗೂ ಹಬ್ಬಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಫಿಲಿಪ್ಪೀನ್ಸ್ ಐದನೆಯ ಸ್ಥಾನ ಪಡೆಯಿತು. 1954ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲೋಸ್ ಲೊಯ್ಸಾಗಾ ಅವರಿದ್ದ ತಂಡ ಕಂಚಿನ ಪದಕ ಗೆದ್ದಿತು. ಜಾವೊರ್ಸ್ಕಿ ಬೆಳೆದುದು ಈ ಪರಂಪರೆ ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ.

ಜನನ ಮತ್ತು ವಿದ್ಯಾಭ್ಯಾಸ

ಜಾವೊರ್ಸ್ಕಿ ಜನಿಸಿದ್ದು ಲುಸಾನ್ ದ್ವೀಪದ ಉತ್ತರದ ಗಿರಿಧಾಮವಾದ ಬಾಗಿಯೊ ನಗರದಲ್ಲಿ. ತಂದೆ ಪೋಲಿಷ್ ಮೂಲದ ಅಮೆರಿಕನ್, ತಾಯಿ ಫಿಲಿಪ್ಪೀನ್ಸ್‌ನವರು. ಬಾಲ್ಯ ಕಳೆದುದು ಮನಿಲಾದ ನೆರೆಯಲ್ಲಿರುವ ಪಸಾಯ್ ನಗರದಲ್ಲಿ. ಉನ್ನತ ಶಿಕ್ಷಣಕ್ಕಾಗಿ ಮನಿಲಾದ ಯೂನಿವರ್ಸಿಟಿ ಆಫ್ ದಿ ಈಸ್ಟ್ ಸೇರಿ, ಅದರ 'ರೆಡ್ ವಾರಿಯರ್ಸ್' ತಂಡದ ಪರವಾಗಿ ವಿಶ್ವವಿದ್ಯಾಲಯಗಳ ಲೀಗ್‌ನಲ್ಲಿ ಆಡಿದರು. ಆ ತಂಡದ ತರಬೇತುದಾರರಾಗಿದ್ದವರು 'ಬೇಬಿ' ಎಂಬ ಅಡ್ಡಹೆಸರಿನ ವರ್ಜಿಲಿಯೊ ದಾಲುಪಾನ್. ಅವರ ಕೈಕೆಳಗೆ ಆಡಿದ ತಂಡ ವಿಶ್ವವಿದ್ಯಾಲಯ ಪ್ರಶಸ್ತಿಗಳನ್ನು ಗೆದ್ದಿತು. ಮುಂದೆ ಇದೇ ದಾಲುಪಾನ್ ಅವರು ವೃತ್ತಿಪರ ಲೀಗ್‌ನಲ್ಲಿ ಜಾವೊರ್ಸ್ಕಿ ಅವರ ಅತಿ ದೊಡ್ಡ ಎದುರಾಳಿ ತಂಡದ ತರಬೇತುದಾರರಾದರು.

ರಾಷ್ಟ್ರೀಯ ತಂಡ

1967ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ ಏಷ್ಯನ್ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ಗೆ ಜಾವೊರ್ಸ್ಕಿ ರಾಷ್ಟ್ರೀಯ ತಂಡದ ಸದಸ್ಯರಾಗಿ ತೆರಳಿದರು. ಕಾರ್ಲೋಸ್ ಲೊಯ್ಸಾಗಾ ತರಬೇತಿಯ ಆ ತಂಡ ಚಿನ್ನದ ಪದಕ ಗೆದ್ದಿತು. ಮರುವರ್ಷ, 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಆಡಿದ ತಂಡದಲ್ಲಿಯೂ ಇವರಿದ್ದರು. ಫಿಲಿಪ್ಪೀನ್ಸ್ 13ನೆಯ ಸ್ಥಾನ ಪಡೆಯಿತು. ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 1969ರಲ್ಲಿ ಕಂಚು, 1971ರಲ್ಲಿ ಬೆಳ್ಳಿ ಹಾಗೂ 1973ರಲ್ಲಿ ಮತ್ತೊಮ್ಮೆ ಚಿನ್ನದ ಪದಕ ಗೆದ್ದ ತಂಡಗಳಲ್ಲಿ ಇವರು ಆಡಿದ್ದರು. 1974ರಲ್ಲಿ ಪೋರ್ಟೊ ರಿಕೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೂ ಪಾಲ್ಗೊಂಡರು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನ ತಂಡದಲ್ಲಿ ಮಾತ್ರ ಇವರ ಹೆಸರಿರಲಿಲ್ಲ. ಆ ವೇಳೆಗೆ ಇವರ ಮೇಲೆ ಆಜೀವ ನಿಷೇಧವಿತ್ತು. ಮ್ಯೂನಿಕ್‌ನ ನಂತರ ಫಿಲಿಪ್ಪೀನ್ಸ್‌ನ ಪುರುಷರ ತಂಡ ಒಲಿಂಪಿಕ್ಸ್‌ನ ಐವರ ಬಾಸ್ಕೆಟ್‌ಬಾಲ್ ಸ್ಪರ್ಧೆಗೆ ಅರ್ಹತೆ ಪಡೆದಿಲ್ಲವಾದುದರಿಂದ, ಇವರು ಕಳೆದುಕೊಂಡ ಆ ಅವಕಾಶ ಮತ್ತೆ ದೊರೆಯಲಿಲ್ಲ.

ಆಜೀವ ನಿಷೇಧ

ಪಿಬಿಎ ಸ್ಥಾಪನೆಗೆ ಮುಂಚೆ ದೇಶದ ಪ್ರಮುಖ ಸ್ಪರ್ಧೆ ಕಂಪನಿ ತಂಡಗಳ ಹವ್ಯಾಸಿ ಲೀಗ್ ಆದ 'ಮಿಕಾ' ಆಗಿತ್ತು. ಜಾವೊರ್ಸ್ಕಿ ಅದರಲ್ಲಿ ವಿದ್ಯುತ್ ಕಂಪನಿಯಾದ ಮೆರಾಲ್ಕೊದ ತಂಡಕ್ಕಾಗಿ ಆಡುತ್ತಿದ್ದರು. 1971ರಲ್ಲಿ ಕ್ರಿಸ್ಪಾ ತಂಡದ ವಿರುದ್ಧದ ಪಂದ್ಯವೊಂದರಲ್ಲಿ ತೀರ್ಪುಗಾರರ ನಿರ್ಣಯಗಳಿಂದ ಕೆರಳಿದ ಜಾವೊರ್ಸ್ಕಿ ಮತ್ತು ಸಹ ಆಟಗಾರ ಆಲ್ಬರ್ಟೊ ರೆನೊಸೊ ಇಬ್ಬರು ತೀರ್ಪುಗಾರರ ಮೇಲೆ ಅಂಕಣದಲ್ಲಿಯೇ ಹಲ್ಲೆ ಮಾಡಿದರು. ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಇಬ್ಬರಿಗೂ ಆಜೀವ ನಿಷೇಧ ವಿಧಿಸಿತು. ಆಗ ಜಾವೊರ್ಸ್ಕಿ ಅವರಿಗೆ 25 ವರ್ಷ.

1973ರ ಏಷ್ಯನ್ ಚಾಂಪಿಯನ್‌ಷಿಪ್ ಮನಿಲಾದಲ್ಲಿಯೇ ನಡೆಯಬೇಕಾಗಿತ್ತು. ತವರಿನಲ್ಲಿ ಬಲಿಷ್ಠ ತಂಡ ಕಟ್ಟಬೇಕಾದ ಅಗತ್ಯ ಎದುರಾದಾಗ ನಿಷೇಧವನ್ನು ತೆರವುಗೊಳಿಸಲಾಯಿತು. ಜಾವೊರ್ಸ್ಕಿ ತಂಡಕ್ಕೆ ಮರಳಿದರು. ಫಿಲಿಪ್ಪೀನ್ಸ್ ಚಿನ್ನ ಗೆದ್ದು ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಪಡೆಯಿತು. ಇವರ ವೃತ್ತಿಜೀವನವನ್ನು ಕುರಿತ ಯಾವುದೇ ಚರ್ಚೆಯಲ್ಲಿ ಈ ಪ್ರಸಂಗ ಬಂದೇ ಬರುತ್ತದೆ. ಸೋಲನ್ನು ಒಪ್ಪದ ಅದೇ ಉಗ್ರ ಸ್ವಭಾವ ಒಂದೆಡೆ ಇವರನ್ನು ಜನಪ್ರಿಯರನ್ನಾಗಿಸಿತು. ಇನ್ನೊಂದೆಡೆ ಮತ್ತೆ ಮತ್ತೆ ವಿವಾದಗಳಿಗೂ ಎಳೆಯಿತು.

ಟೊಯೊಟಾ ತಂಡ (1973–1983)

ನಿಷೇಧ ತೆರವಾದ ವರ್ಷವೇ ಜಾವೊರ್ಸ್ಕಿ ಟೊಯೊಟಾ ಸಂಸ್ಥೆಯ ತಂಡವನ್ನು ಸೇರಿದರು. ಅದರ ತರಬೇತುದಾರರು ದಾಂತೆ ಸಿಲ್ವೆರಿಯೊ. 1975ರಲ್ಲಿ ಒಂಬತ್ತು ಕಂಪನಿ ತಂಡಗಳು ಹವ್ಯಾಸಿ ಲೀಗ್‌ನಿಂದ ಹೊರಬಂದು ಪಿಬಿಎ ಸ್ಥಾಪಿಸಿದವು. ಲೀಗ್‌ನ ಮೊದಲ ಪಂದ್ಯಗಳು ಏಪ್ರಿಲ್ 9, 1975ರಂದು ಕೆಸೋನ್ ನಗರದ ಅರನೇಟಾ ಕೊಲಿಸಿಯಂನಲ್ಲಿ ನಡೆದವು. ಆ ಕಾಲದ ಪಿಬಿಎ ವ್ಯವಸ್ಥೆಯಲ್ಲಿ ಒಂದು ಋತುವನ್ನು ಸಾಮಾನ್ಯವಾಗಿ 'ಕಾನ್ಫರೆನ್ಸ್' ಎಂಬ ಮೂರು ಪ್ರತ್ಯೇಕ ಪಂದ್ಯಾವಳಿಗಳಾಗಿ ವಿಭಜಿಸಿ, ಪ್ರತಿಯೊಂದಕ್ಕೂ ಬೇರೆ ಪ್ರಶಸ್ತಿ ನೀಡಲಾಗುತ್ತಿತ್ತು. ಕೆಲವು ಪಂದ್ಯಾವಳಿಗಳಲ್ಲಿ 'ಇಂಪೋರ್ಟ್' ಎಂದು ಕರೆಯಲಾಗುವ ವಿದೇಶಿ ಆಟಗಾರರಿಗೆ ಅವಕಾಶವಿತ್ತು; ಇನ್ನು ಕೆಲವು ಸ್ವದೇಶಿ ಆಟಗಾರರಿಗಷ್ಟೇ ಮೀಸಲಾಗಿದ್ದವು.

ಮೊದಲ ಋತುವಿನ ಮೊದಲೆರಡು ಪ್ರಶಸ್ತಿಗಳನ್ನು ಟೊಯೊಟಾ ಗೆದ್ದಿತು. ಮೂರನೆಯದು ಕ್ರಿಸ್ಪಾ ಪಾಲಾಯಿತು. 1976ರಲ್ಲಿ ಕ್ರಿಸ್ಪಾ ಮೂರೂ ಪ್ರಶಸ್ತಿಗಳನ್ನು ಗೆದ್ದು ಲೀಗ್‌ನ ಮೊದಲ 'ಗ್ರ್ಯಾಂಡ್ ಸ್ಲ್ಯಾಮ್' ಸಾಧಿಸಿತು. ಕ್ರಿಸ್ಪಾದ ತರಬೇತುದಾರರು ಜಾವೊರ್ಸ್ಕಿ ಅವರ ಗುರುಗಳಾಗಿದ್ದ ದಾಲುಪಾನ್. ಟೊಯೊಟಾದಲ್ಲಿ ಜಾವೊರ್ಸ್ಕಿ, ರಾಮೊನ್ ಫರ್ನಾಂಡೆಸ್ ಮತ್ತು ಫ್ರಾನ್ಸಿಸ್ ಅರ್ನೈಸ್. ಕ್ರಿಸ್ಪಾದಲ್ಲಿ ಅಟಾಯ್ ಕೊ, ಬಾಗ್ಸ್ ಅಡೋರ್ನಾಡೊ, ಫಿಲಿಪ್ ಸೆಸರ್, ಅಬೆತ್ ಗಿಡಾಬೆನ್ ಮೊದಲಾದವರು ಇದ್ದರು. ಈ ಎರಡು ತಂಡಗಳ ಪೈಪೋಟಿ ದೇಶದ ಅಭಿಮಾನಿಗಳನ್ನು ಎರಡು ಪಾಳೆಯಗಳಾಗಿ ಒಡೆಯಿತು. 1977ರ ಏಪ್ರಿಲ್‌ನಲ್ಲಿ ಇವೆರಡರ ನಡುವಣ ಪಂದ್ಯ ಮುಗಿದ ಮೇಲೆ ಆಟಗಾರರು ಕೈಕೈ ಮಿಲಾಯಿಸಿದರು. ಆಗ ದೇಶದಲ್ಲಿ ಸೈನಿಕ ಕಾನೂನು ಜಾರಿಯಲ್ಲಿತ್ತು. ಹೊಡೆದಾಟದಲ್ಲಿ ತೊಡಗಿದ್ದ ಎರಡೂ ತಂಡಗಳ ಆಟಗಾರರನ್ನು ಫೋರ್ಟ್ ಬೊನಿಫಾಸಿಯೊ ಸೇನಾ ನೆಲೆಯಲ್ಲಿ ಒಂದು ರಾತ್ರಿ ಬಂಧನದಲ್ಲಿರಿಸಲಾಯಿತು.

ಜಾವೊರ್ಸ್ಕಿ ಪಾಯಿಂಟ್ ಗಾರ್ಡ್ ಸ್ಥಾನದಲ್ಲಿ ಆಡುತ್ತಿದ್ದರು. ಆ ಸ್ಥಾನದ ಆಟಗಾರರ ಪೈಕಿ ಇವರು ದೃಢಕಾಯರು. ಚೆಂಡನ್ನು ಅಂಕಣದ ಉದ್ದಕ್ಕೂ ವೇಗವಾಗಿ ಕೊಂಡೊಯ್ದು ಸಹ ಆಟಗಾರರಿಗೆ ಅಂಕ ಗಳಿಸುವ ಅವಕಾಶ ಮಾಡಿಕೊಡುವುದು, ಎದುರಾಳಿಯ ಎತ್ತರದ ಆಟಗಾರರ ನಡುವೆ ನುಗ್ಗಿ ಮರುಪುಟಿದ ಚೆಂಡನ್ನು ಹಿಡಿಯುವುದು ಇವರ ಆಟದ ವೈಶಿಷ್ಟ್ಯಗಳಾಗಿದ್ದವು. 1978ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಇವರಿಗೆ ಸಂದಿತು. ಆ ಋತುವಿನಲ್ಲಿ ಟೊಯೊಟಾ ಎರಡು ಪ್ರಶಸ್ತಿಗಳನ್ನು ಗೆದ್ದಿತ್ತು.

ತಂಡದ ಮಾರಾಟ ಮತ್ತು ಬಿರುಕು

1984ರ ಋತು ಆರಂಭವಾಗುವ ಮೊದಲು ಟೊಯೊಟಾ ಸಂಸ್ಥೆ ಲೀಗ್‌ನಿಂದ ಹಿಂದೆ ಸರಿದು ತನ್ನ ತಂಡದ ಸ್ಥಾನವನ್ನು ಮತ್ತೊಂದು ಕಂಪನಿಗೆ ಮಾರಿತು. ಹೊಸ ಮಾಲೀಕರ ತಂಡ 'ಬೀರ್ ಹೌಸೆನ್' ಎಂಬ ಹೆಸರಿನಲ್ಲಿ ಕಣಕ್ಕಿಳಿಯಿತು. ಆಟಗಾರರನ್ನೂ ತಂಡದ ಜೊತೆಗೆ ಹಸ್ತಾಂತರಿಸುವ ಈ ಏರ್ಪಾಡನ್ನು ಜಾವೊರ್ಸ್ಕಿ ಮತ್ತು ಅರ್ನೈಸ್ ಒಪ್ಪಲಿಲ್ಲ. ಇಬ್ಬರೂ ಲಾ ತೊಂದೆನ್ಯಾ ಮದ್ಯ ಕಂಪನಿಯ 'ಗಿಲ್ಬೀಸ್ ಜಿನ್' ತಂಡ ಸೇರಿದರು. ಫರ್ನಾಂಡೆಸ್ ಬೀರ್ ಹೌಸೆನ್ ತಂಡಕ್ಕೆ ಹೋದರು.

ಒಂದು ದಶಕ ಜೊತೆಯಾಗಿ ಆಡಿದ್ದ ಜಾವೊರ್ಸ್ಕಿ ಮತ್ತು ಫರ್ನಾಂಡೆಸ್ ಇದರಿಂದ ದೂರವಾದರು. ಇಬ್ಬರ ನಡುವೆ ಮಾತುಕತೆ ನಿಂತಿತು. ಕ್ರಿಸ್ಪಾ ಕೂಡ 1984ರ ಋತುವಿನ ಬಳಿಕ ಲೀಗ್ ತೊರೆದುದರಿಂದ, ಈ ಇಬ್ಬರ ಮನಸ್ತಾಪವೇ ಹಳೆಯ ಪೈಪೋಟಿಯ ಜಾಗವನ್ನು ತುಂಬಿತು. ಇಬ್ಬರು ಎದುರುಬದುರಾದ ಪಂದ್ಯಗಳು ಮುಂದಿನ ಐದು ವರ್ಷ ಅಭಿಮಾನಿಗಳ ವಿಶೇಷ ಕುತೂಹಲಕ್ಕೆ ಪಾತ್ರವಾದವು.

ಹಿನೆಬ್ರಾ ತಂಡ (1984–1998)

ಪಿಬಿಎ ತಂಡಗಳು ಊರುಗಳನ್ನಲ್ಲ, ಕಂಪನಿಗಳನ್ನು ಪ್ರತಿನಿಧಿಸುತ್ತವೆ. ಮಾಲೀಕರು ಪ್ರಚಾರ ಬಯಸುವ ಉತ್ಪನ್ನ ಬದಲಾದಂತೆ ತಂಡದ ಹೆಸರೂ ಬದಲಾಗುತ್ತದೆ. ಜಾವೊರ್ಸ್ಕಿ ಅವರ ತಂಡ ಗಿಲ್ಬೀಸ್ ಜಿನ್, ಹಿನೆಬ್ರಾ ಸಾನ್ ಮಿಗೆಲ್, ಅನ್ಯೆಹೊ ರಮ್ 65, ತೊಂದೆನ್ಯಾ 65, ಗಾರ್ಡನ್ಸ್ ಜಿನ್ ಎಂಬ ಹೆಸರುಗಳಲ್ಲಿ ಆಡಿದೆ. ಜನರ ಬಾಯಲ್ಲಿ ಉಳಿದದ್ದು 'ಹಿನೆಬ್ರಾ' ಎಂಬ ಹೆಸರು. ಸ್ಪ್ಯಾನಿಷ್ ಮೂಲದ ಈ ಪದಕ್ಕೆ ಜಿನ್ ಮದ್ಯ ಎಂದರ್ಥ. ಅದು ದುಡಿಯುವ ವರ್ಗದ ಜನ ಕೊಳ್ಳುವ ಅಗ್ಗದ ಮದ್ಯ. ತಂಡವೂ ಹಾಗೆಯೇ ಸಾಮಾನ್ಯ ಜನರ ತಂಡವೆಂದು ಹೆಸರಾಯಿತು.

1985ರಲ್ಲಿ ಜಾವೊರ್ಸ್ಕಿ ಆಟಗಾರರಾಗಿರುವುದರ ಜೊತೆಗೆ ತಂಡದ ತರಬೇತುದಾರರೂ ಆದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅತಿಥಿ ತಂಡವಾಗಿ ಲೀಗ್‌ನಲ್ಲಿ ಆಡುತ್ತಿದ್ದ ನಾರ್ದರ್ನ್ ಕನ್ಸಾಲಿಡೇಟೆಡ್ ಸಿಮೆಂಟ್ ತಂಡದ ವಿರುದ್ಧದ ಪಂದ್ಯದಲ್ಲಿ ಎದುರಾಳಿಯ ಮೊಣಕೈ ತಾಗಿ ಇವರ ತುಟಿ ಸೀಳಿತು. ಆಸ್ಪತ್ರೆಗೆ ಕೊಂಡೊಯ್ದು ಒಂಬತ್ತು ಹೊಲಿಗೆ ಹಾಕಲಾಯಿತು. ಪಂದ್ಯ ಮುಗಿಯುವ ಮೊದಲೇ ಇವರು ಕ್ರೀಡಾಂಗಣಕ್ಕೆ ಹಿಂದಿರುಗಿದರು. ಹಿನೆಬ್ರಾ ಆಗ ಬಹಳ ಹಿಂದೆ ಬಿದ್ದಿತ್ತು. ನಾಲ್ಕನೆಯ ಅವಧಿಯಲ್ಲಿ ಇವರು ಮತ್ತೆ ಅಂಕಣಕ್ಕಿಳಿದ ಮೇಲೆ ತಂಡ ಅಂತರವನ್ನು ಮುಚ್ಚಿ ಪಂದ್ಯ ಗೆದ್ದಿತು. 'ನೆವರ್ ಸೇ ಡೈ', ಅಂದರೆ ಕೊನೆಯವರೆಗೂ ಸೋಲೊಪ್ಪಬೇಡ ಎಂಬ ಮಾತು ಹಿನೆಬ್ರಾದ ಧ್ಯೇಯವಾಕ್ಯವಾಗಲು ಈ ಪಂದ್ಯವೇ ಮೂಲವೆಂದು ಪರಿಗಣಿಸಲಾಗುತ್ತದೆ.

ಇವರ ಮಾರ್ಗದರ್ಶನದಲ್ಲಿ ತಂಡ ಗೆದ್ದ ಪ್ರಶಸ್ತಿಗಳು ಹೀಗಿವೆ:

1986, ಓಪನ್ ಕಾನ್ಫರೆನ್ಸ್: ಮೈಕೆಲ್ ಹ್ಯಾಕೆಟ್ ಮತ್ತು ಬಿಲ್ಲಿ ರೇ ಬೇಟ್ಸ್ ಎಂಬ ಅಮೆರಿಕನ್ ಆಟಗಾರರ ನೆರವಿನಿಂದ ಮನಿಲಾ ಬೀರ್ ತಂಡವನ್ನು ಸೋಲಿಸಿ ಗೆದ್ದ ಮೊದಲ ಪ್ರಶಸ್ತಿ. ಮನಿಲಾ ಬೀರ್ ಎಂಬುದು ಬೀರ್ ಹೌಸೆನ್ ತಂಡದ ಹೊಸ ಹೆಸರು.

1988, ಆಲ್-ಫಿಲಿಪಿನೊ ಕಾನ್ಫರೆನ್ಸ್: ಅನ್ಯೆಹೊ ರಮ್ 65 ಹೆಸರಿನಲ್ಲಿ, ವಿದೇಶಿ ಆಟಗಾರರಿಲ್ಲದೆ, ಪ್ಯೂರ್‌ಫುಡ್ಸ್ ವಿರುದ್ಧ. ಒಂದು ಕಾಲದಲ್ಲಿ ಕ್ರಿಸ್ಪಾ ಪರ ಆಡಿ ಜಾವೊರ್ಸ್ಕಿ ಅವರನ್ನು ಎದುರಿಸಿದ್ದ ಫಿಲಿಪ್ ಸೆಸರ್ ಹಾಗೂ ಕಾರ್ಲೋಸ್ ಲೊಯ್ಸಾಗಾ ಅವರ ಮಗ ಚಿಟೊ ಲೊಯ್ಸಾಗಾ ಈ ತಂಡದಲ್ಲಿದ್ದರು.

1991, ಫಸ್ಟ್ ಕಾನ್ಫರೆನ್ಸ್: ಏಳು ಪಂದ್ಯಗಳ ಅಂತಿಮ ಸರಣಿಯಲ್ಲಿ ಷೆಲ್ ತಂಡದೆದುರು 1–3ರಿಂದ ಹಿಂದಿದ್ದ ಹಿನೆಬ್ರಾ ಉಳಿದ ಮೂರೂ ಪಂದ್ಯಗಳನ್ನು ಗೆದ್ದಿತು. ಪಿಬಿಎ ಅಂತಿಮ ಸರಣಿಯಲ್ಲಿ ಇಂತಹ ಚೇತರಿಕೆ ಅದೇ ಮೊದಲು. ಏಳನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ರೂಡಿ ಡಿಸ್ಟ್ರಿಟೊ ಚೆಂಡನ್ನು ಬುಟ್ಟಿಗೆ ಹಾಕಿ ಗೆಲುವು ತಂದುಕೊಟ್ಟರು.

1997, ಕಮಿಷನರ್ಸ್ ಕಪ್: ಗಾರ್ಡನ್ಸ್ ಜಿನ್ ಹೆಸರಿನಲ್ಲಿ ಅಲಾಸ್ಕಾ ವಿರುದ್ಧ. ಮಾರ್ಲೂ ಅಕಿನೊ, ನೋಲಿ ಲೊಕ್ಸಿನ್, ಬಾಲ್ ಡೇವಿಡ್ ಮೊದಲಾದ ಹೊಸ ತಲೆಮಾರಿನ ಆಟಗಾರರು ಈ ತಂಡದಲ್ಲಿದ್ದರು.

ಗೆಲುವುಗಳ ನಡುವೆ ಕಹಿ ಪ್ರಸಂಗಗಳೂ ಇದ್ದವು. 1990ರ ಫಸ್ಟ್ ಕಾನ್ಫರೆನ್ಸ್‌ನಲ್ಲಿ ಷೆಲ್ ವಿರುದ್ಧದ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ ತೀರ್ಪುಗಾರರ ನಿರ್ಣಯಗಳನ್ನು ಪ್ರತಿಭಟಿಸಿ ಇವರ ತಂಡ ಅಂಕಣದಿಂದ ಹೊರನಡೆಯಿತು. ಪ್ರಶಸ್ತಿ ಷೆಲ್‌ಗೆ ಹೋಯಿತು. ಅನ್ಯೆಹೊ ತಂಡಕ್ಕೆ ಲೀಗ್ ದಂಡ ವಿಧಿಸಿತು. ಮರುವರ್ಷ ಅದೇ ತಂಡದ ವಿರುದ್ಧ ದೊರೆತ ಗೆಲುವಿಗೆ ಈ ಹಿನ್ನೆಲೆಯೂ ಇತ್ತು.

ಫರ್ನಾಂಡೆಸ್ ಜೊತೆಗಿನ ರಾಜಿ

1989ರ ಜೂನ್‌ನಲ್ಲಿ ಪಿಬಿಎಯ ಮೊದಲ ಆಲ್-ಸ್ಟಾರ್ ಪಂದ್ಯ ಪಸಿಗ್‌ನ ಅಲ್ಟ್ರಾ ಕ್ರೀಡಾಂಗಣದಲ್ಲಿ ನಡೆಯಿತು. ಹಿರಿಯ ಆಟಗಾರರ ತಂಡ ಒಂದು ಕಡೆ, ಲೀಗ್‌ಗೆ ಇತ್ತೀಚೆಗೆ ಸೇರಿದ ಕಿರಿಯರ ತಂಡ ಇನ್ನೊಂದು ಕಡೆ. ಜಾವೊರ್ಸ್ಕಿ ಮತ್ತು ಫರ್ನಾಂಡೆಸ್ ಇಬ್ಬರೂ ಹಿರಿಯರ ತಂಡದಲ್ಲಿದ್ದರು; ತರಬೇತುದಾರರು ದಾಲುಪಾನ್. ಪಂದ್ಯದ ಕೊನೆಯ ಕ್ಷಣಗಳಲ್ಲಿ ಗೆರೆಯಾಚೆಯಿಂದ ಜಾವೊರ್ಸ್ಕಿ ನೀಡಿದ ಚೆಂಡನ್ನು ಫರ್ನಾಂಡೆಸ್ ಹಿಡಿದು ಬುಟ್ಟಿಗೆ ಹಾಕಿದರು. ಹಿರಿಯರ ತಂಡ ಗೆದ್ದಿತು. ಬಳಿಕ ದಾಲುಪಾನ್ ಅವರ ಒತ್ತಾಸೆಯಿಂದ ಇಬ್ಬರೂ ಅಂಕಣದ ನಡುವೆ ಕೈಕುಲುಕಿದರು. ಐದು ವರ್ಷಗಳ ಮನಸ್ತಾಪ ಸಾರ್ವಜನಿಕವಾಗಿ ಕೊನೆಗೊಂಡ ಈ ಘಟನೆಯನ್ನು ಪಿಬಿಎ ಇತಿಹಾಸದ ಸ್ಮರಣೀಯ ಕ್ಷಣಗಳಲ್ಲಿ ಒಂದೆಂದು ಎಣಿಸಲಾಗುತ್ತದೆ.

1990ರ ಏಷ್ಯನ್ ಕ್ರೀಡಾಕೂಟ

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾ 1989ರಲ್ಲಿ ವೃತ್ತಿಪರ ಆಟಗಾರರಿಗೂ ತನ್ನ ಸ್ಪರ್ಧೆಗಳನ್ನು ತೆರೆಯಿತು. ಅದರ ಫಲವಾಗಿ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟಕ್ಕೆ ಫಿಲಿಪ್ಪೀನ್ಸ್ ಮೊದಲ ಬಾರಿಗೆ ಪೂರ್ಣವಾಗಿ ವೃತ್ತಿಪರರ ತಂಡವನ್ನು ಕಳುಹಿಸಿತು. ಜಾವೊರ್ಸ್ಕಿ ಅದರ ತರಬೇತುದಾರರಾಗಿ ನೇಮಕಗೊಂಡರು. ಅಲನ್ ಕೈಡಿಕ್, ಆಲ್ವಿನ್ ಪಾಟ್ರಿಮೊನಿಯೊ, ಸ್ಯಾಂಬಾಯ್ ಲಿಮ್ ಮೊದಲಾದವರೊಡನೆ ಫರ್ನಾಂಡೆಸ್ ಕೂಡ ತಂಡದಲ್ಲಿದ್ದರು. ಒಂದು ವರ್ಷದ ಹಿಂದಷ್ಟೇ ರಾಜಿಯಾಗಿದ್ದ ಗೆಳೆಯರು ಹೀಗೆ ತರಬೇತುದಾರ ಮತ್ತು ಆಟಗಾರರಾಗಿ ಒಂದೇ ಧ್ವಜದಡಿ ಸೇರಿದರು. ತಂಡ ಅಂತಿಮ ಪಂದ್ಯದಲ್ಲಿ ಆತಿಥೇಯ ಚೀನಾಕ್ಕೆ ಸೋತು ಬೆಳ್ಳಿಯ ಪದಕ ಪಡೆಯಿತು.

ನಿವೃತ್ತಿ

ತರಬೇತುದಾರರಾದ ಮೇಲೂ ಜಾವೊರ್ಸ್ಕಿ ಆಟಗಾರರ ಪಟ್ಟಿಯಿಂದ ತಮ್ಮ ಹೆಸರನ್ನು ತೆಗೆಯಲಿಲ್ಲ. ವಯಸ್ಸಾದಂತೆ ಅಂಕಣಕ್ಕಿಳಿಯುವ ಅವಧಿ ಕೆಲವು ನಿಮಿಷಗಳಿಗೆ ಇಳಿಯಿತು. ಆದರೂ ಪಂದ್ಯದ ಕೊನೆಯಲ್ಲಿ ಪ್ರೇಕ್ಷಕರು ಇವರ ಹೆಸರು ಕೂಗಿ ಒತ್ತಾಯಿಸುವುದು ಹಿನೆಬ್ರಾ ಪಂದ್ಯಗಳ ವಾಡಿಕೆಯೇ ಆಗಿತ್ತು. 1997ರಲ್ಲಿ ಆಟಗಾರರಾಗಿ ಕೊನೆಯ ಪಂದ್ಯ ಆಡಿದರು. 1975ರ ಮೊದಲ ಋತುವಿನಲ್ಲಿ ಆಡಿದ್ದವರ ಪೈಕಿ ಆ ವೇಳೆಗೂ ಲೀಗ್‌ನಲ್ಲಿ ಉಳಿದಿದ್ದವರು ಇವರೊಬ್ಬರೇ. 1998ರಲ್ಲಿ ತರಬೇತುದಾರ ಹುದ್ದೆಯನ್ನೂ ತೊರೆದರು. ವೃತ್ತಿಜೀವನದಲ್ಲಿ 11,000ಕ್ಕೂ ಹೆಚ್ಚು ಅಂಕ ಗಳಿಸಿದ್ದಾರೆ. ಸಹ ಆಟಗಾರರ ಅಂಕ ಗಳಿಕೆಗೆ ನೇರವಾಗಿ ನೆರವಾದ ಪಾಸ್‌ಗಳ, ಅಂದರೆ ಅಸಿಸ್ಟ್‌ಗಳ ಸಂಖ್ಯೆ 5,825. ಇದು ಪಿಬಿಎಯ ಸಾರ್ವಕಾಲಿಕ ದಾಖಲೆ.

ರಾಜಕೀಯ ಜೀವನ

1998ರ ಮೇ ತಿಂಗಳ ಚುನಾವಣೆಯಲ್ಲಿ ಜಾವೊರ್ಸ್ಕಿ ಜೋಸೆಫ್ ಎಸ್ಟ್ರಾಡಾ ನೇತೃತ್ವದ ಮೈತ್ರಿಕೂಟದ ಅಭ್ಯರ್ಥಿಯಾಗಿ ಸೆನೆಟ್‌ಗೆ ಆಯ್ಕೆಯಾದರು. ಇಡೀ ದೇಶವೇ ಒಂದು ಮತಕ್ಷೇತ್ರವಾಗಿರುವ ಸೆನೆಟ್ ಚುನಾವಣೆಯಲ್ಲಿ ಜನಪ್ರಿಯತೆಗೆ ಹೆಚ್ಚಿನ ಬೆಲೆಯಿದೆ. ಚಿತ್ರನಟರಾಗಿದ್ದ ಎಸ್ಟ್ರಾಡಾ ಅದೇ ಚುನಾವಣೆಯಲ್ಲಿ ಅಧ್ಯಕ್ಷರಾದರು. ಜಾವೊರ್ಸ್ಕಿ ಅವರ ಮಾವ, ನಟ ರಾಮೊನ್ ರೆವಿಲ್ಲಾ ಕೂಡ ಆ ಅವಧಿಯಲ್ಲಿ ಸೆನೆಟ್ ಸದಸ್ಯರಾಗಿದ್ದರು. ಸೆನೆಟ್‌ನಲ್ಲಿ ಜಾವೊರ್ಸ್ಕಿ ಪರಿಸರ ಸಂರಕ್ಷಣೆಗೆ ಸಂಬಂಧಿಸಿದ ಶಾಸನಗಳ ರಚನೆಯಲ್ಲಿ ಪಾಲ್ಗೊಂಡರು.

2000ದ ಕೊನೆಯಲ್ಲಿ ಅಧ್ಯಕ್ಷ ಎಸ್ಟ್ರಾಡಾ ವಿರುದ್ಧ ಭ್ರಷ್ಟಾಚಾರದ ಆರೋಪಗಳ ಮೇಲೆ ವಾಗ್ದಂಡನೆ ವಿಚಾರಣೆ ಆರಂಭವಾಯಿತು. ಸೆನೆಟ್ ಸದಸ್ಯರೇ ಅದರ ನ್ಯಾಯಾಧೀಶರು. ಜನವರಿ 16, 2001ರಂದು ಬ್ಯಾಂಕ್ ದಾಖಲೆಗಳಿದ್ದ ಲಕೋಟೆಯೊಂದನ್ನು ತೆರೆಯಬೇಕೆ ಎಂಬ ಪ್ರಶ್ನೆ ಮತಕ್ಕೆ ಬಂದಾಗ 11–10ರ ಅಂತರದಲ್ಲಿ ಬೇಡವೆಂಬ ತೀರ್ಮಾನವಾಯಿತು. ಬೇಡವೆಂದ ಹನ್ನೊಂದು ಮಂದಿಯಲ್ಲಿ ಜಾವೊರ್ಸ್ಕಿ ಒಬ್ಬರು. ಅದೇ ರಾತ್ರಿಯಿಂದ ಮನಿಲಾದ ಎಡ್ಸಾ ಹೆದ್ದಾರಿಯಲ್ಲಿ ಜನಸಾಗರ ಸೇರಿತು. ನಾಲ್ಕು ದಿನಗಳಲ್ಲಿ ಎಸ್ಟ್ರಾಡಾ ಅಧಿಕಾರ ಕಳೆದುಕೊಂಡರು. ಕ್ರೀಡಾಂಗಣದಲ್ಲಿ ಎರಡು ದಶಕ ಜನರ ಪ್ರೀತಿ ಪಡೆದಿದ್ದ ಜಾವೊರ್ಸ್ಕಿ ಈ ಮತದಿಂದಾಗಿ ತೀವ್ರ ಟೀಕೆಗೆ ಒಳಗಾದರು. 2004ರಲ್ಲಿ ಮರು ಆಯ್ಕೆ ಬಯಸಿ ಸ್ಪರ್ಧಿಸಿದರಾದರೂ ಗೆಲ್ಲಲಿಲ್ಲ. ಆ ಬಳಿಕ ಸಾರ್ವಜನಿಕ ಜೀವನದಿಂದ ಬಹುಮಟ್ಟಿಗೆ ದೂರ ಉಳಿದರು.

ಕುಟುಂಬ

ಇವರ ಪತ್ನಿ ಎವೆಲಿನ್ ಬೌಟಿಸ್ಟಾ, ರಾಮೊನ್ ರೆವಿಲ್ಲಾ ಅವರ ಮಗಳು. ಮಗ ರಾಬರ್ಟ್ ಜಾವೊರ್ಸ್ಕಿ ಜೂನಿಯರ್ ಕೂಡ ಪಿಬಿಎಯಲ್ಲಿ ಆಡಿ, ಮುಂದೆ ರಾಜಕೀಯ ಪ್ರವೇಶಿಸಿ ಪಸಿಗ್ ನಗರವನ್ನು ಸಂಸತ್ತಿನ ಕೆಳಮನೆಯಲ್ಲಿ ಪ್ರತಿನಿಧಿಸಿದ್ದಾರೆ.

ಗೌರವಗಳು ಮತ್ತು ಪ್ರಭಾವ

2000ದಲ್ಲಿ ಪಿಬಿಎ ತನ್ನ 25ನೆಯ ವರ್ಷದ ಅಂಗವಾಗಿ ಪ್ರಕಟಿಸಿದ 25 ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಜಾವೊರ್ಸ್ಕಿ ಸ್ಥಾನ ಪಡೆದರು. 2005ರಲ್ಲಿ ಪಿಬಿಎ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಜುಲೈ 8, 2012ರಂದು ಅರನೇಟಾ ಕೊಲಿಸಿಯಂನಲ್ಲಿ ನಡೆದ ಸಮಾರಂಭದಲ್ಲಿ ಇವರು ತೊಡುತ್ತಿದ್ದ 7ನೆಯ ಸಂಖ್ಯೆಯ ಜೆರ್ಸಿಯನ್ನು ಹಿನೆಬ್ರಾ ತಂಡ ಅಧಿಕೃತವಾಗಿ ನಿವೃತ್ತಿಗೊಳಿಸಿತು.

ತಂಡದ ಇಂದಿನ ಹೆಸರು 'ಬರಂಗಾಯ್ ಹಿನೆಬ್ರಾ'. ಬರಂಗಾಯ್ ಎಂದರೆ ಫಿಲಿಪ್ಪೀನ್ಸ್‌ನ ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕ. ನಮ್ಮಲ್ಲಿನ ಗ್ರಾಮ ಅಥವಾ ವಾರ್ಡ್‌ಗೆ ಹೋಲಿಸಬಹುದು. ಜಾವೊರ್ಸ್ಕಿ ಅವರ ಕಾಲದಲ್ಲಿ ಬೆಳೆದ ಅಭಿಮಾನಿ ಬಳಗವನ್ನೇ ಒಂದು ಊರೆಂದು ಭಾವಿಸಿ 1999ರಿಂದ ಈ ಹೆಸರನ್ನು ಬಳಸಲಾಗುತ್ತಿದೆ. ಇವರ ನಿವೃತ್ತಿಯ ನಂತರ ಹುಟ್ಟಿದವರೂ ಸೇರಿದಂತೆ ಲಕ್ಷಾಂತರ ಜನ ಈ ತಂಡದ ಬೆಂಬಲಿಗರಾಗಿದ್ದು, 'ನೆವರ್ ಸೇ ಡೈ' ಎಂಬ ಘೋಷಣೆ ಇಂದಿಗೂ ಅದರ ಪಂದ್ಯಗಳಲ್ಲಿ ಕೇಳಿಬರುತ್ತದೆ.